ಕಣ್ಣಿನ ತುರಿಕೆ: ಹನಿ ಹಾಕುವ ಮುನ್ನ ಬಾಟಲಿಯ ಹೆಸರು ಓದಿ

ರಾಯಾಪುರ (ಹುಬ್ಬಳ್ಳಿ-ಧಾರವಾಡ): ಅವಳಿ ನಗರಗಳ ನಡುವಿನ ರಾಯಾಪುರದಲ್ಲಿ ಪಿ.ಬಿ. ರಸ್ತೆಯ ಹೊಗೆ, ಕೈಗಾರಿಕಾ ಪ್ರದೇಶದ ದೂಳು, ಖಾಲಿ ಜಾಗದಲ್ಲಿ ಬೆಳೆಯುವ ಕಾಂಗ್ರೆಸ್ ಕಸದ ಪರಾಗ ಒಂದೇ ಗಾಳಿಯಲ್ಲಿ ಬೆರೆಯುತ್ತವೆ. ನಿತ್ಯ ಬೈಕಿನಲ್ಲಿ ಓಡಾಡುವವರಿಗೆ ಕಣ್ಣಿನ ತುರಿಕೆ ಹೊಸದೇನಲ್ಲ. ಔಷಧಿ ಅಂಗಡಿಗೆ ಹೋಗಿ 'ಕಣ್ಣು ತುರಸ್ತಾವ್ರಿ, ಒಂದ್ ಡ್ರಾಪ್ಸ್ ಕೊಡ್ರಿ' ಎಂದರೆ ಕೆಲಸ ಮುಗಿಯಿತೆಂದೇ ಬಹುತೇಕರ ಭಾವನೆ. ಆದರೆ ಕೈಗೆ ಬಂದ ಬಾಟಲಿಯಲ್ಲಿ ಇರುವುದೇನು?

ಒಗ್ಗದ ವಸ್ತು ಕಣ್ಣಿಗೆ ತಾಗಿದಾಗ ಅಲ್ಲಿನ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ತುರಿಕೆ, ಕೆಂಪು, ನೀರು ಸುರಿಯುವುದು ಎಲ್ಲವೂ ಅದರ ಪರಿಣಾಮ. ಆಂಟಿಹಿಸ್ಟಮಿನ್ ಹನಿಗಳು ಇದನ್ನು ತಡೆಯುತ್ತವೆ. ಓಲೋಪಟಡಿನ್ ಮತ್ತು ಕೀಟೋಟಿಫೆನ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವಂಥವು. ಇವು ಹಿಸ್ಟಮಿನ್ ಹೊರಬರುವುದನ್ನೂ ತಗ್ಗಿಸುತ್ತವೆ. ಓಲೋಪಟಡಿನ್ ಶೇ 0.1ರದ್ದಾದರೆ ದಿನಕ್ಕೆ ಎರಡು ಸಲ, ಶೇ 0.2ರದ್ದಾದರೆ ಒಂದೇ ಸಲ. ಹಾಕಿದಾಗ ಕ್ಷಣಕಾಲ ಉರಿಯಬಹುದು. ಅಮೆರಿಕದಲ್ಲಿ 2020ರಿಂದ ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿಯಿದೆ ಎಂಬುದೇ ಇದರ ಸುರಕ್ಷತೆಯ ಬಗ್ಗೆ ಸಾಕಷ್ಟು ಹೇಳುತ್ತದೆ.

ಅಪಾಯವಿರುವುದು ಬೇರೆಡೆ. ತುರಿಕೆಗೆಂದೇ ಕೈಬದಲಾಗುವ ಬಾಟಲಿಗಳಲ್ಲಿ ಕೆಲವು ಸ್ಟಿರಾಯ್ಡ್ ಹನಿಗಳು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್ ಎಂಬ ಹೆಸರುಗಳನ್ನು ಗಮನಿಸಿ. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸ್ಟಿರಾಯ್ಡ್ ಹಾಕಿದ ಕಣ್ಣು ಒಂದೆರಡು ದಿನದಲ್ಲಿ ಬೆಳ್ಳಗಾಗಿ ಹಾಯೆನಿಸುತ್ತದೆ. ಹಾಗಾಗಿ ಜನ ಅದೇ ಬಾಟಲಿಯನ್ನು ಮತ್ತೆ ಮತ್ತೆ ಕೇಳಿ ಒಯ್ಯುತ್ತಾರೆ. ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಕಣ್ಣಿನ ಪೊರೆಯೂ ಬೇಗ ಬರಬಹುದು. ಪೊರೆಗೆ ಶಸ್ತ್ರಚಿಕಿತ್ಸೆಯಿದೆ. ಗ್ಲಾಕೋಮಾದಿಂದ ಕಳೆದುಹೋದ ದೃಷ್ಟಿ ಮರಳುವುದಿಲ್ಲ, ನೋವಿಲ್ಲದ ಕಾರಣ ಅದು ಕಳೆಯುತ್ತಿರುವುದು ತಿಳಿಯುವುದೂ ಇಲ್ಲ.

ಈ ಮಾತು ಮಕ್ಕಳಿಗೆ ಹೆಚ್ಚು ಅನ್ವಯಿಸುತ್ತದೆ. ಬಿಸಿ, ಒಣ ಹವೆಯ ಪ್ರದೇಶಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ವರ್ನಲ್ ಎಂಬ ತೀವ್ರ ಅಲರ್ಜಿ ವರ್ಷವರ್ಷವೂ ಮರಳಿ ಬರುತ್ತದೆ. ಬೆಳಕು ನೋಡಲಾಗದು, ದಾರದಂತಹ ಅಂಟು ಪಿಸುರು ಬರುತ್ತದೆ. ಇಂತಹ ಮಕ್ಕಳಿಗೆ ವೈದ್ಯರೇ ಸ್ಟಿರಾಯ್ಡ್ ಬರೆಯುವುದುಂಟು, ಆದರೆ ಅಲ್ಪಾವಧಿಗೆ ಮತ್ತು ಒತ್ತಡ ಪರೀಕ್ಷಿಸುತ್ತಾ. ಹಳೆಯ ಚೀಟಿ ತೋರಿಸಿ ಮರುವರ್ಷ ಅದನ್ನೇ ತರುವುದು ಸಲ್ಲದು. ಮಗು ಕಣ್ಣು ಉಜ್ಜುತ್ತಲೇ ಇದ್ದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚಾಚುವ ಸಾಧ್ಯತೆಯೂ ಇದೆ.

ಕೆಂಪು ಕೂಡಲೇ ಇಳಿಸುವ ನಫಾಜೋಲಿನ್ ಬೆರೆತ ಹನಿಗಳ ವಿಷಯವೂ ಇಷ್ಟೇ. ಅವು ರಕ್ತನಾಳಗಳನ್ನು ಕುಗ್ಗಿಸುತ್ತವೆ. ಹೆಚ್ಚು ದಿನ ಬಳಸಿದರೆ, ಬಿಟ್ಟ ಮೇಲೆ ಕೆಂಪು ಮೊದಲಿಗಿಂತ ಜೋರಾಗುತ್ತದೆ.

ಬಾಟಲಿ ಸರಿಯಾದದ್ದೇ ಇದ್ದರೂ ಹಾಕುವ ಕ್ರಮ ತಪ್ಪುವುದು ಸಾಮಾನ್ಯ. ಕೈ ತೊಳೆದು, ಕೆಳರೆಪ್ಪೆಯನ್ನು ಕೆಳಗೆಳೆದು ಒಂದೇ ಹನಿ ಬಿಡಬೇಕು. ಅದಕ್ಕಿಂತ ಹೆಚ್ಚು ಕಣ್ಣಿನಲ್ಲಿ ನಿಲ್ಲದು, ಕೆನ್ನೆಗೆ ಹರಿಯುತ್ತದಷ್ಟೆ. ನಂತರ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗಿಳಿಯುವುದಿಲ್ಲ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಇನ್ನೊಂದು ಹನಿಯಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದೇ ಹನಿ ಹಾಕಬೇಕು, ಮತ್ತೆ ಧರಿಸಲು ಕನಿಷ್ಠ 10 ನಿಮಿಷ ಕಾಯಬೇಕು. ಕಣ್ಣು ಕೆಂಪಾಗಿದ್ದರೆ ಧರಿಸಲೇಬಾರದು. ತೆರೆದ ಬಾಟಲಿ ಸಾಮಾನ್ಯವಾಗಿ ಒಂದು ತಿಂಗಳಿಗೆ ಮಾತ್ರ. ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡುವುದು ಸುಲಭ ಉಪಾಯ. ತಣ್ಣೀರಿನ ಬಟ್ಟೆ ಮತ್ತು ಬೈಕಿನಲ್ಲಿ ಕನ್ನಡಕ ಖರ್ಚಿಲ್ಲದ ನೆರವು.

ಎಲ್ಲ ಕೆಂಗಣ್ಣೂ ಅಲರ್ಜಿಯಲ್ಲ. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಹರಡಿದ 'ಮದ್ರಾಸ್ ಐ' ಸೋಂಕು ಹಲವರಿಗೆ ನೆನಪಿರಬಹುದು. ಅಲರ್ಜಿಯಲ್ಲಿ ತುರಿಕೆಯೇ ಮುಖ್ಯ, ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಕೀವು ಬಂದು ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡರೆ ಸೋಂಕಿನ ಶಂಕೆ. ಮನೆಮಂದಿಯೆಲ್ಲ ಒಂದೇ ಬಾಟಲಿ ಹಂಚಿಕೊಂಡರೆ ಅದು ಹರಡುತ್ತದೆ. ನೋವು, ಮಂಜು ದೃಷ್ಟಿ, ಬೆಳಕಿಗೆ ಕಣ್ಣು ತೆರೆಯಲಾಗದ ಸ್ಥಿತಿ ಇದ್ದರೆ, ಅಥವಾ ಮೂರು ದಿನ ಹನಿ ಹಾಕಿದರೂ ತುರಿಕೆ ಇಳಿಯದಿದ್ದರೆ ನೇತ್ರತಜ್ಞರನ್ನು ಕಾಣಬೇಕು. ಹೋಗುವಾಗ ಅದುವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಜೊತೆಗೆ ಒಯ್ಯಿರಿ.