ಸೌರಾತೀತ ಗ್ರಹ: ಇರುವಿಕೆ ದೃಢಪಡುವ ಬಗೆ

2004ರ ಜೂನ್ 8ರಂದು ಶುಕ್ರ ಗ್ರಹವು ಸೂರ್ಯಬಿಂಬದ ಮುಂದೆ ಕಪ್ಪು ಚುಕ್ಕೆಯಾಗಿ ಹಾದುಹೋಯಿತು. ಸುಮಾರು ಆರು ತಾಸಿನ ಈ ಸಂಕ್ರಮಣವು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೇರಿದಂತೆ ರಾಜ್ಯದೆಲ್ಲೆಡೆ ಹಗಲಿನಲ್ಲಿಯೇ ಪೂರ್ಣಗೊಂಡಿತು. ಆಗ ಸೂರ್ಯನ ಬೆಳಕು ಕುಂದಿದ್ದು ಸುಮಾರು ಶೇ 0.1ರಷ್ಟು ಮಾತ್ರ.

ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಶೋಧಕ್ಕೂ ಇದೇ ತತ್ವ ಆಧಾರ. ಗ್ರಹ ಅಡ್ಡ ಬಂದಾಗಲೆಲ್ಲ ನಕ್ಷತ್ರದ ಬೆಳಕು ನಿಯತವಾಗಿ ಕುಂದುತ್ತದೆ. ಆದರೆ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳೂ ಇಂಥದೇ ಸುಳಿವು ನೀಡಬಲ್ಲವು. ಆದ್ದರಿಂದ ಮೊದಲಿಗೆ ಅದು 'ಸಂಭಾವ್ಯ ಗ್ರಹ' ಮಾತ್ರ.

ಸಂದೇಹ ನಿವಾರಣೆಗೆ ರಾಶಿಯನ್ನು ಅಳೆಯುವುದು ಪ್ರಮುಖ ಮಾರ್ಗ. ಗ್ರಹದ ಸೆಳೆತಕ್ಕೆ ನಕ್ಷತ್ರವೂ ತುಸು ಓಲಾಡುತ್ತದೆ. ಅದು ನಮ್ಮತ್ತ ಬರುವಾಗ ಬೆಳಕಿನ ರೋಹಿತ ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತದೆ. ಈ ವಿಧಾನದಿಂದ 1995ರಲ್ಲಿ '51 ಪೆಗಾಸಿ ಬಿ' ಗ್ರಹವನ್ನು ಪತ್ತೆಹಚ್ಚಿದ ಮೈಕೆಲ್ ಮೇಯರ್ ಮತ್ತು ಡಿಡಿಯರ್ ಕ್ವೆಲೋಜ್ 2019ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಪಡೆದರು.

ಭಾರತದ ಉದಾಹರಣೆಯೂ ಉಂಟು. ಕೆಪ್ಲರ್ ದೂರದರ್ಶಕ ಸಂಭಾವ್ಯವೆಂದು ಗುರುತಿಸಿದ್ದ 'ಎಪಿಕ್ 211945201 ಬಿ' ಗ್ರಹವೆಂಬುದನ್ನು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ತಂಡ 2018ರಲ್ಲಿ ದೃಢಪಡಿಸಿತು. ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ 'ಪಾರಸ್' ರೋಹಿತದರ್ಶಕದಿಂದ ತಂಡವು ಸುಮಾರು ಒಂದೂವರೆ ವರ್ಷ ವೀಕ್ಷಣೆ ನಡೆಸಿತ್ತು. ಸುಮಾರು 600 ಜ್ಯೋತಿರ್ವರ್ಷ ದೂರದ ಈ ಗ್ರಹದ ರಾಶಿ ಭೂಮಿಯ ಸುಮಾರು 27 ಪಟ್ಟು, ತ್ರಿಜ್ಯ 6 ಪಟ್ಟು. ಅದು ತನ್ನ ನಕ್ಷತ್ರವನ್ನು ಸುಮಾರು 19.5 ದಿನಗಳಲ್ಲಿ ಸುತ್ತುತ್ತದೆ.

ದೃಢಪಟ್ಟ ಸೌರಾತೀತ ಗ್ರಹಗಳ ಸಂಖ್ಯೆ 6,000 ತಲುಪಿದೆಯೆಂದು ನಾಸಾ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಪರಿಶೀಲನೆಗೆ ಕಾದಿರುವ ಸಂಭಾವ್ಯ ಗ್ರಹಗಳು ಇನ್ನೂ ಸಾವಿರಾರು.