ಕೆರೆಯ ಲೆಕ್ಕವೂ ಯಂತ್ರದ ಲೆಕ್ಕವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳ ಚರಿತ್ರೆಯು ಕಲ್ಲಿನ ಶಾಸನಗಳಲ್ಲಿ ಮಾತ್ರವಲ್ಲ, ಕೆರೆಯ ಏರಿಗಳಲ್ಲಿಯೂ ಬರೆದಿರುವದು. ಹಿರೇಕೆರೂರು ತನ್ನ ಹೆಸರಿನಲ್ಲಿಯೇ ಹಿರಿದಾದ ಕೆರೆಯನ್ನು ಹೊತ್ತಿದೆ. ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಹಾನಗಲ್ಲಿಗೆ ಆನೆಕೆರೆಯೂ, ನವಾಬರ ಸವಣೂರಿಗೆ ಮೋತಿ ತಲಾಬವೂ ಭೂಷಣಗಳು. ಧರ್ಮಾನದಿಯ ಹಳೆಯ ಕಾಲುವೆಯು ಹಾನಗಲ್ಲು ಸೀಮೆಯ ಅನೇಕ ಕೆರೆಗಳನ್ನು ತುಂಬುತ್ತ ಬಂದಿತು.

ಕೆರೆ ಕಟ್ಟುವವನ ಮುಂದೆ ಯಾವಾಗಲೂ ಮೂರು ಪ್ರಶ್ನೆಗಳು: ಎಷ್ಟು ನೀರು ಬರುವದು, ಎಷ್ಟು ನಿಲ್ಲುವದು, ಎಷ್ಟನ್ನು ಹೊರಬಿಡಬೇಕು? ಇದರಲ್ಲಿ ಒಂದು ತಪ್ಪಿದರೂ ಏರಿಯು ಉಳಿಯದು. ವಿಜಯನಗರದ ಕಾಲದಲ್ಲಿ ಕುಮುದ್ವತಿಗೆ ಅಡ್ಡಲಾಗಿ ಮಾಸೂರಿನ ಬಳಿ ಗುಡ್ಡಗಳ ನಡುವೆ ಕಟ್ಟಿದ ಮದಗದ ಕೆರೆಯ ಏರಿಯು ಒಡೆದುಹೋಯಿತು. ಇಂದಿನ ಕೆರೆಯು ಹಿಂದಣ ವಿಸ್ತಾರದ ಒಂದು ಅಂಶ ಮಾತ್ರ.

ಹಿಂದಿನವರು ಈ ಪ್ರಶ್ನೆಗಳಿಗೆ ತಲೆಮಾರುಗಳ ಅನುಭವದಿಂದ ಉತ್ತರ ಕಂಡುಕೊಂಡರು. ಬ್ರಿಟಿಷರ ಆಳಿಕೆಯಲ್ಲಿ ಸೂತ್ರಗಳು ಬಂದವು. 1865ರಲ್ಲಿ ಡಿಕೆನ್ಸ್, 1884ರಲ್ಲಿ ರೈವ್ಸ್ ಎಂಬವರು ಜಲಾನಯನದ ವಿಸ್ತೀರ್ಣದಿಂದಲೇ ಮಹಾಪೂರದ ಪ್ರಮಾಣವನ್ನು ಊಹಿಸುವ ರೀತಿಯನ್ನು ಹೇಳಿದರು. ಆದರೆ ಅವು ಪೂರದ ಶಿಖರವನ್ನು ಹೇಳುವವೇ ಹೊರತು, ಕೆರೆಯ ದಿನದಿನದ ಬಾಳನ್ನು ಹೇಳಲಾರವು.

ದಿನದಿನದ ಲೆಕ್ಕವು ತತ್ವದಲ್ಲಿ ಸುಲಭವಾದದ್ದು: ನಿನ್ನೆಯ ನೀರಿಗೆ ಇಂದು ಬಂದುದನ್ನು ಕೂಡಿಸಿ, ತೂಬಿನಿಂದ ಹೋದದ್ದು, ಕೋಡಿ ಬಿದ್ದದ್ದು, ಇಂಗಿದ್ದು, ಆವಿಯಾದದ್ದು ಇವನ್ನು ಕಳೆದರೆ ಇಂದಿನ ನೀರು. ನೂರು ಹೆಕ್ಟೇರು ಹರವಿನ ಕೆರೆಯಿಂದ ದಿನಕ್ಕೆ 5 ಮಿಲಿಮೀಟರು ಆವಿಯಾದರೆ 5,000 ಘನ ಮೀಟರು ನೀರು ಹೋದಂತೆ. ಆದರೆ ನೂರು ಕೆರೆಗಳಿಗೆ ನೂರು ವರ್ಷಗಳ ಲೆಕ್ಕವನ್ನು ಮನುಷ್ಯನ ಕೈ ಮಾಡಲಾರದು. 1946ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಎನಿಯಾಕ್ ಎಂಬ ಗಣಕಯಂತ್ರದಿಂದ ಈ ಅಡಚಣೆಯು ಹೋಗತೊಡಗಿತು. ಅದೇ ಕಾಲದಲ್ಲಿ ಉಲಾಮ್ ಮತ್ತು ನ್ಯೂಮನ್ ಎಂಬ ಗಣಿತಜ್ಞರು, ಚೀಟಿ ಎತ್ತಿದಂತೆ ಸಂಖ್ಯೆಗಳನ್ನು ಆಯ್ದು ಅನಿಶ್ಚಿತವಾದುದನ್ನು ಸಾವಿರ ಸಲ ಆಡಿಸಿ ನೋಡುವ ರೀತಿಯನ್ನು ಕಂಡರು. ಒಂದು ವ್ಯವಸ್ಥೆಯ ನಡೆಯನ್ನು ಯಂತ್ರದಲ್ಲಿ ಹೀಗೆ ಅನುಕರಿಸುವದಕ್ಕೆ ಅನುಕರಣ ಗಣನೆಯೆಂದು ಹೆಸರಿಡಬಹುದು.

ಇಲ್ಲಿ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. 1961ರಲ್ಲಿ ಜೇ ಫಾರೆಸ್ಟರ್ ಎಂಬವನು ಕಾರಖಾನೆಯ ಸರಕು, ಬೇಡಿಕೆ, ದುಡಿಮೆಗಳನ್ನು ಯಂತ್ರದಲ್ಲಿ ಅನುಕರಿಸುವ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನ ಚಿತ್ರಗಳಲ್ಲಿ ಉಗ್ರಾಣದ ಸರಕು ತುಂಬಿ ನಿಲ್ಲುವ ನೀರಿನಂತೆಯೂ, ಸರಕಿನ ಹರಿವು ತೂಬಿನಂತಹ ಕವಾಟದಿಂದ ಆಳಲ್ಪಡುವಂತೆಯೂ ಕಾಣುವದು. ಕೆರೆಗೂ ಕಾರಖಾನೆಗೂ ಲೆಕ್ಕದ ಬೇರು ಒಂದೇ! ನೀರಿನ ಪಕ್ಷದಲ್ಲಿ 1966ರಲ್ಲಿ ಕ್ರಾಫರ್ಡ್ ಮತ್ತು ಲಿನ್ಸ್ಲಿ ಎಂಬವರ ಸ್ಟ್ಯಾನ್‌ಫರ್ಡ್ ಮಾದರಿಯು ಮಳೆಯಿಂದ ಹೊಳೆಯವರೆಗಿನ ನಡೆಯನ್ನೆಲ್ಲ ಗಣಿಸಿತು.

ಈ ಗಣನೆಯು ಕ್ರಮೇಣ ನಮ್ಮ ನಾಡಿಗೂ ಬಂದಿತು. 1997ರಲ್ಲಿ ಈ ನಾಲ್ಕು ಸೀಮೆಗಳು ಹೊಸ ಹಾವೇರಿ ಜಿಲ್ಲೆಗೆ ಸೇರಿದವು. 2001ರಲ್ಲಿ ತೊಡಗಿದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಅಲ್ಲಿ ಕೆಲಸದ ಫಲವನ್ನಳೆಯಲು ಉಪಗ್ರಹದ ಚಿತ್ರಗಳನ್ನು ಬಳಸಿದರು. 2006ರಲ್ಲಿ ದಿಲ್ಲಿಯ ಐ.ಐ.ಟಿ.ಯ ಗೋಸಾಯಿನ್ ಮೊದಲಾದವರು, ಹವೆ ಬದಲಾದರೆ ಭಾರತದ ನದಿಗಳ ಗತಿ ಏನಾಗುವದೆಂದು ಸ್ವಾಟ್ ಎಂಬ ಮಾದರಿಯಿಂದ ಗಣಿಸಿ ಪ್ರಕಟಿಸಿದರು. ಅದರಲ್ಲಿ ಕೃಷ್ಣೆಯೂ ಇದ್ದಳು. ವರದೆ, ಕುಮುದ್ವತಿಗಳು ತುಂಗಭದ್ರೆಯ ಮೂಲಕ ಕೃಷ್ಣೆಯನ್ನೇ ಸೇರುವವು. ಆದರೆ ಆ ಗಣನೆಯು ಮನುಷ್ಯನು ಕಟ್ಟಿದ ಅಣೆಕಟ್ಟು, ತಿರುವುಗಳಿಲ್ಲದ ನದಿಯನ್ನು ಕಲ್ಪಿಸಿಕೊಂಡಿತ್ತು. ವಿಶಾಲದೃಷ್ಟಿಗೆ ಅದು ಯುಕ್ತವೇ. ಆದರೂ ಶತಮಾನಗಳ ಕೆರೆಗಳಿಲ್ಲದ ಹಾನಗಲ್ಲು ಹಾನಗಲ್ಲೇ ಅಲ್ಲ.

ಯಂತ್ರವು ತನಗೆ ಕೊಟ್ಟ ಸಂಖ್ಯೆಗಳನ್ನಷ್ಟೇ ಬಲ್ಲದು. ಹೂಳು ತುಂಬಿದ ಕೆರೆಗೆ ಹಳೆಯ ಆಳವನ್ನು ಹೇಳಿದರೆ, ಒಣಗಿದ ಗದ್ದೆಗೂ ಅದು ನೀರು ತೋರಿಸುವದು. ಏರಿಯ ಮೇಲೆ ನಿಂತು ಕೋಡಿಯನ್ನು ಕಂಡ ರೈತನ ಮಾತೂ ಊರಿನ ದಫ್ತರವೂ ಸೇರಿದಾಗಲೇ ಲೆಕ್ಕವು ನಿಜವಾಗುವದು. ಮದಗದ ಒಡೆದ ಏರಿಯು ಹೊಸ ಗಣಕನಿಗೂ ಕಲಿಸತಕ್ಕ ಪಾಠವಿದು.