ಶಾರ್ಲಮೇನನ ವಂಶಾವಳಿಯಲ್ಲಿ ಸಂತ ಅರ್ನುಲ್ಫ್

ಕ್ರಿ.ಶ. 800ರ ಡಿಸೆಂಬರ್ 25ರಂದು ರೋಮ್‌ನಲ್ಲಿ ಚಕ್ರವರ್ತಿ ಪಟ್ಟವೇರಿದ ಶಾರ್ಲಮೇನನಿಗೆ ಮೆಟ್ಸ್‌ನ ಬಿಷಪ್ ಸಂತ ಅರ್ನುಲ್ಫನೇ ಮೂಲಪುರುಷನೆಂದು ವಂಶವೃಕ್ಷಗಳು ನಿಸ್ಸಂದೇಹವಾಗಿ ತೋರಿಸುತ್ತವೆ. ಇದಕ್ಕಿರುವ ಆಧಾರವನ್ನು ಇಲ್ಲಿ ಪರಿಶೀಲಿಸಿದೆ.

ಹತ್ತಿರದ ತಲೆಮಾರುಗಳಲ್ಲಿ ತೊಡಕಿಲ್ಲ. ತಂದೆ, 751ರಲ್ಲಿ ಫ್ರಾಂಕರ ದೊರೆಯಾದ ಪೆಪಿನ್. ಅಜ್ಜ, 741ರಲ್ಲಿ ತೀರಿಕೊಂಡ ಚಾರ್ಲ್ಸ್ ಮಾರ್ಟೆಲ್. ಮುತ್ತಜ್ಜ, 687ರಲ್ಲಿ ಟೆರ್ಟ್ರಿ ಕದನ ಗೆದ್ದ ಎರಡನೆಯ ಪೆಪಿನ್. ಚಕ್ರವರ್ತಿಯ ಚರಿತ್ರೆ ಬರೆದ ಐನ್‌ಹಾರ್ಡ್ ಇಲ್ಲಿಗೇ ನಿಲ್ಲುತ್ತಾನೆ, ಅರ್ನುಲ್ಫನ ಹೆಸರೆತ್ತುವುದಿಲ್ಲ. ಎರಡನೆಯ ಪೆಪಿನನ ತಂದೆ ಆನ್ಸೆಗಿಸೆಲ್ ಎಂದು 727ರ ಸುಮಾರಿನ ಫ್ರಾಂಕರ ಚರಿತ್ರೆ ಹೇಳುತ್ತದೆ. ಆನ್ಸೆಗಿಸೆಲನ ತಂದೆ ಯಾರೆಂದು ಅದೂ ಹೇಳುವುದಿಲ್ಲ. ಅರ್ನುಲ್ಫನ ಹಳೆಯ ಜೀವನಚರಿತ್ರೆಯಲ್ಲಿ ಇಬ್ಬರು ಗಂಡುಮಕ್ಕಳ ಪ್ರಸ್ತಾಪವಿದೆ, ಹೆಸರುಗಳಿಲ್ಲ.

ಈ ಎರಡು ತುದಿಗಳನ್ನು ಕೂಡಿಸಿದವನು ಲೊಂಬಾರ್ಡ್ ವಿದ್ವಾಂಸ ಡೀಕನ್ ಪೌಲ. ಮೆಟ್ಸ್‌ನ ಬಿಷಪ್ ಆಂಗಿಲ್ರಾಮನ ಕೋರಿಕೆಯಂತೆ 784ರ ಸುಮಾರಿಗೆ ಅಲ್ಲಿನ ಬಿಷಪ್‌ಗಳ ಚರಿತ್ರೆ ಬರೆಯುತ್ತ, ಆನ್ಸೆಗಿಸೆಲ್ ಅರ್ನುಲ್ಫನ ಮಗ ಎಂದ. ಆ ಸಂದರ್ಭವನ್ನು ಮರೆಯುವಂತಿಲ್ಲ: ಶಾರ್ಲಮೇನನ ರಾಣಿ ಹಿಲ್ಡೆಗಾರ್ಡ್ 783ರಲ್ಲಿ ತೀರಿಕೊಂಡಾಗ ಆಕೆಯ ಸಮಾಧಿಯಾದದ್ದು ಅರ್ನುಲ್ಫನ ಇಗರ್ಜಿಯಲ್ಲೇ. ರಾಜಮನೆತನಕ್ಕೂ ಸಂತನಿಗೂ ರಕ್ತಸಂಬಂಧವಿದ್ದರೆ ಅರಮನೆಗೂ ಇಗರ್ಜಿಗೂ ಹಿತ. ಪೌಲ ಅಷ್ಟಕ್ಕೇ ಬಿಡದೆ, ಆನ್ಸೆಗಿಸೆಲನ ಹೆಸರನ್ನು ಟ್ರಾಯ್‌ನ ಪುರಾಣಪುರುಷ ಆಂಕೈಸಿಸ್‌ಗೆ ಜೋಡಿಸಿದ. ಮುಂದಿನ ವಂಶಾವಳಿಕಾರರು ಅರ್ನುಲ್ಫನಿಗೂ ಪೂರ್ವಜರನ್ನು ಒದಗಿಸಿದರು: ಆನ್ಸ್‌ಬರ್ಟ್ ಎಂಬ ಸೆನೆಟರ್, ಅವನ ಪತ್ನಿಯಾಗಿ ಕ್ಲೋಥಾರ್ ದೊರೆಯ ಮಗಳು ಬ್ಲಿಥಿಲ್ಡ್. ಮೊದಲನೆಯ ಕ್ಲೋಥಾರನ ಮಕ್ಕಳನ್ನು ಹೆಸರಿಸಿರುವ ಚರಿತ್ರೆಕಾರ ತೂರ್‌ನ ಗ್ರೆಗರಿಯಲ್ಲಿ ಅಂಥ ಮಗಳೇ ಇಲ್ಲ. ಇದು ಕಟ್ಟುಕತೆ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಅರ್ನುಲ್ಫನ ವಿಷಯದಲ್ಲಿ ಅಷ್ಟು ಕಠಿಣವಾಗಬೇಕಿಲ್ಲ. 613ರಲ್ಲಿ ರಾಣಿ ಬ್ರುನ್‌ಹಿಲ್ಡಳ ವಿರುದ್ಧ ಎರಡನೆಯ ಪೆಪಿನನ ತಾಯಿಯ ತಂದೆಯಾದ ಮೊದಲನೆಯ ಪೆಪಿನನೂ ಅರ್ನುಲ್ಫನೂ ಒಟ್ಟಾಗಿ ನಿಂತಿದ್ದರು. ಎರಡು ಮನೆಗಳ ನಡುವೆ ನಂಟು ಬೆಳೆದಿರಬಹುದು. ಎರಡನೆಯ ಪೆಪಿನನ ಮಗ ಡ್ರೋಗೋ ತನ್ನ ಮಗನೊಬ್ಬನಿಗೆ ಅರ್ನುಲ್ಫ್ ಎಂದೇ ಹೆಸರಿಟ್ಟ. ಮನೆತನದ ಹೆಸರುಗಳು ಮರಳಿ ಬರುತ್ತಿದ್ದ ಆ ಸಮಾಜದಲ್ಲಿ ಇದು ತೂಕದ ಸಾಕ್ಷ್ಯ. ಹೆಸರು ನಂಟನ್ನು ಸೂಚಿಸೀತು. ಆನ್ಸೆಗಿಸೆಲ್ ಅರ್ನುಲ್ಫನ ಮಗನೇ ಎಂಬುದನ್ನು ಸಾಬೀತುಪಡಿಸಲಾರದು.

ಆದ್ದರಿಂದ ವಂಶವೃಕ್ಷ ಬರೆಯುವವರು ಆನ್ಸೆಗಿಸೆಲನಿಂದ ಅರ್ನುಲ್ಫನಿಗೆ ಎಳೆಯುವ ಗೆರೆಯನ್ನು ಚುಕ್ಕಿಗೆರೆಯಾಗಿಯೇ ತೋರಿಸಬೇಕು.